ಪೆಟ್ಟಿಗೆ ಬಿಚ್ಚದ ಮೇಷ್ಟ್ರು, ಬೋರ್ಡು ಕೂಡಿಸುವ ಮಕ್ಕಳು



ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಐಫೋನು ತಯಾರಾಗುತ್ತದೆ. ಅದೇ ಹೋಬಳಿಯ ಯಾವುದಾದರೂ ಸರ್ಕಾರಿ ಶಾಲೆಗೆ ಹೋಗಿ, ವಿಜ್ಞಾನದ ಮೇಷ್ಟ್ರ ಕೈಗೆ ಒಂದು ರೂಪಾಯಿಯ ರೆಸಿಸ್ಟರ್ ಕೊಟ್ಟು, "ಇದರ ಮೇಲಿರೋ ಹಳದಿ, ನೇರಳೆ, ಕಂದು ಗೆರೆ ಏನು ಹೇಳ್ತವೆ ಸಾರ್?" ಅಂತ ಕೇಳಿ. ಬಹುಪಾಲು ಮೇಷ್ಟ್ರುಗಳು ನಕ್ಕು ಸುಮ್ಮನಾಗುತ್ತಾರೆ. ಓಮನ ನಿಯಮ ಹೇಳಿ ಅಂದರೆ ಮಾತ್ರ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಿಯಮ ಬಾಯಲ್ಲಿದೆ, ವಸ್ತು ಕೈಯಲ್ಲಿಲ್ಲ. ಆ ಮೂರು ಗೆರೆ ಹೇಳುವುದು 470 ಓಮ್ ಅಂತ. ಕಲಿಯೋಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಅವರ ನೌಕರಿಯ ಇಪ್ಪತ್ತು ವರ್ಷದಲ್ಲಿ ಯಾರೂ ಅವರಿಗೆ ಕೊಟ್ಟಿಲ್ಲ.

ಮೇಷ್ಟ್ರನ್ನು ಬೈಯೋದಕ್ಕೆ ಇದನ್ನು ಬರೆಯುತ್ತಿಲ್ಲ. ಮೇಷ್ಟ್ರನ್ನು ಬೈಯೋ ಕೆಲಸಕ್ಕೆ ಈ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಯಂತ್ರವನ್ನು ಕೊಟ್ಟು, ಆ ಯಂತ್ರದ ವಿದ್ಯೆಯನ್ನು ಕೊಡದೆ ಇರುವ ಕಳ್ಳಾಟವನ್ನು ಬೈಯೋದಕ್ಕೆ ಬರೆಯುತ್ತಿದ್ದೇವೆ. ಯಾಕೆಂದರೆ ಆ ಕಳ್ಳಾಟದ ನಷ್ಟ ಬೀಳೋದು ನಮ್ಮ ಮಕ್ಕಳ ತಲೆಯ ಮೇಲೆ. ಉಳ್ಳವರ ಮಕ್ಕಳು ಇವತ್ತು ಸರ್ಕಾರಿ ಶಾಲೆಯಲ್ಲಿಲ್ಲ. ಅವರ ಶಾಲೆಯಲ್ಲಿ ರೋಬೋ ಕ್ಲಾಸು ಇದೆ, ಕೋಡಿಂಗ್ ಕ್ಲಾಸು ಇದೆ, ಅದಕ್ಕೆ ಬೇರೆ ಫೀಜು ಇದೆ. ಸರ್ಕಾರಿ ಶಾಲೆಯಲ್ಲಿ ಉಳಿದವರು ಯಾರು? ಕೇರಿಯ ಮಕ್ಕಳು, ಕೂಲಿಯವರ ಮಕ್ಕಳು, ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಆರಕ್ಕೆ ಟೊಮೇಟೊ ತೋಟಕ್ಕೆ ಹೋಗುವ ಮಕ್ಕಳು. ಈ ಜಿಲ್ಲೆಯಲ್ಲಿ ನೂರಕ್ಕೆ ಮೂವತ್ತು ಜನ ಪರಿಶಿಷ್ಟ ಜಾತಿಯವರು ಅಂತ 2011ರ ಜನಗಣತಿಯೇ ಹೇಳುತ್ತದೆ. ಅವರಲ್ಲಿ ಹೆಚ್ಚಿನವರ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಅನ್ನೋದು ಬರಬೇಕಾದರೆ ಇರೋದು ಒಂದೇ ದಾರಿ: ಅವರೂರಿನ ಮೇಷ್ಟ್ರು.

ನರಸಾಪುರದ ವಿಷಯವನ್ನೇ ತಗೊಳ್ಳಿ. ಹೊಲಗಳು ಹೋಗಿ ಕೈಗಾರಿಕಾ ಪ್ರದೇಶ ಆಯಿತು. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಬಂತು. ಆಮೇಲೆ 43 ಎಕರೆಯಲ್ಲಿ ತೈವಾನಿನ ವಿಸ್ಟ್ರಾನ್ ಬಂತು, 2020ರಲ್ಲಿ ಐಫೋನ್ ಜೋಡಣೆ ಶುರುವಾಯಿತು. ಕೆಲಸಕ್ಕೆ ಹೋದವರು ನಮ್ಮವರೇ. ಐ.ಟಿ.ಐ. ಮಾಡಿದ ಹುಡುಗರು, ಪಿ.ಯು.ಸಿ. ಮುಗಿಸಿದ ಹೆಣ್ಣುಮಕ್ಕಳು, ಡಿಪ್ಲೊಮಾ, ಬಿ.ಇ. ಮಾಡಿದವರೂ ಇದ್ದರು. ಬಹುತೇಕರು ಕಂಟ್ರಾಕ್ಟರುಗಳ ಮೂಲಕ. 2020ರ ಡಿಸೆಂಬರ್ 12ರ ಬೆಳಗಿನ ಪಾಳಿ ಬದಲಾಗೋ ಹೊತ್ತಿಗೆ ಕಾರ್ಖಾನೆಯ ಗಾಜು ಒಡೆಯಿತು. ಆ ದಿನ ಟಿ.ವಿ.ಯವರು ತೋರಿಸಿದ್ದು ಒಡೆದ ಗಾಜು, ಮಗುಚಿದ ವಾಹನ. ಮೊದಲು ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ಅಂತ ಬರೆಸಿದರು. ಕೆಲವೇ ದಿನದಲ್ಲಿ ಅದೇ ಕಂಪನಿ ತೈವಾನಿನ ಷೇರು ಪೇಟೆಗೆ ಕೊಟ್ಟ ಲೆಕ್ಕ ನಮ್ಮ ರೂಪಾಯಿಯಲ್ಲಿ 26ರಿಂದ 52 ಕೋಟಿ! ನೂರಕ್ಕೂ ಹೆಚ್ಚು ಹುಡುಗರು ಜೈಲು ನೋಡಿದರು.

ಗಾಜು ಯಾಕೆ ಒಡೆಯಿತು ಅನ್ನೋದು ನಿಧಾನಕ್ಕೆ ಹೊರಗೆ ಬಂತು. ಬಿ.ಇ. ಮಾಡಿದವರಿಗೆ 21 ಸಾವಿರ ಅಂತ ಹೇಳಿ ಕರೆದು 16 ಸಾವಿರ ಕೊಟ್ಟರು, ಆಮೇಲೆ ಅದು 12 ಸಾವಿರಕ್ಕೆ ಇಳಿಯಿತು ಅಂತ ಕೆಲಸಗಾರರು ಪತ್ರಿಕೆಗಳಿಗೆ ಹೇಳಿದರು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು. ಕಾರ್ಖಾನೆ ಇಲಾಖೆಯವರು ಹೋಗಿ ನೋಡಿದಾಗ ಎಲೆಕ್ಟ್ರಾನಿಕ್ ಹಾಜರಿ ವ್ಯವಸ್ಥೆಯೇ ಕೆಟ್ಟಿತ್ತು, ಸರಿ ಮಾಡಿರಲಿಲ್ಲ ಅನ್ನೋದು ವರದಿಯಲ್ಲಿ ಬಂತು. ದುಡಿದ ಗಂಟೆಯ ಲೆಕ್ಕ ಇಡುವ ಕ್ರಮವೇ ಸರಿ ಇರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಯಿತು ಅಂತ ಆ್ಯಪಲ್ ಕಂಪನಿಯೇ ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿ ತನ್ನ ಉಪಾಧ್ಯಕ್ಷನನ್ನು ತೆಗೆಯಿತು. 2023ರಲ್ಲಿ ಕಾರ್ಖಾನೆ ಟಾಟಾದವರ ಕೈಗೆ ಹೋಯಿತು.

ಇದನ್ನೆಲ್ಲ ಇಲ್ಲಿ ಯಾಕೆ ಹೇಳಿದೆವು? ಆ ಹಾಜರಿ ವ್ಯವಸ್ಥೆ ಅನ್ನೋದು ಏನು ಅಂತ ಯೋಚನೆ ಮಾಡಿ. ಅದು ದೇವರಲ್ಲ, ದೆವ್ವವಲ್ಲ. ಬೆರಳನ್ನೋ ಕಾರ್ಡನ್ನೋ ಓದುವ ಒಂದು ಪುಟ್ಟ ಸರ್ಕ್ಯೂಟು, ಅದರ ಹಿಂದೆ ಒಂದು ಪ್ರೋಗ್ರಾಮು. ಒಳಗೆ ಬಂದ ಹೊತ್ತು ಇಷ್ಟು, ಹೊರಗೆ ಹೋದ ಹೊತ್ತು ಇಷ್ಟು, ಕಳೆದರೆ ದುಡಿದದ್ದು ಇಷ್ಟು, ಗುಣಿಸಿದರೆ ಕೂಲಿ ಇಷ್ಟು. ಹೊರಗೆ ಹೋಗುವಾಗ ಯಂತ್ರ ಬೆರಳು ಓದದಿದ್ದರೆ ಏನು ಮಾಡಬೇಕು? ಪೂರ್ತಿ ದಿನ ಕೊಡಬೇಕೋ, ಅರ್ಧ ದಿನ ಕತ್ತರಿಸಬೇಕೋ? ಅದನ್ನು ಯಂತ್ರ ತೀರ್ಮಾನ ಮಾಡೋದಿಲ್ಲ. ಯಾರೋ ಒಬ್ಬ ಕುರ್ಚಿಯಲ್ಲಿ ಕೂತು ಅದನ್ನು ಒಂದು ಸಾಲಿನಲ್ಲಿ ಬರೆದಿರುತ್ತಾನೆ. ಆ ಸಾಲನ್ನು ಬರೆಸಿದವನು ಯಾರು ಅಂತ ಕೇಳುವ ಧೈರ್ಯ ಬರಬೇಕಾದರೆ, ಅಂಥ ಒಂದು ಸಾಲನ್ನು ನಾವೇ ಒಮ್ಮೆ ಬರೆದು ನೋಡಿರಬೇಕು.

ಕಾರ್ಖಾನೆ ಬಿಡಿ. ಸೊಸೈಟಿಯಲ್ಲಿ ಅಜ್ಜಿಯ ಹೆಬ್ಬೆರಳು ತಗೊಳ್ಳಲಿಲ್ಲ ಅಂತ ಅಕ್ಕಿ ಕೊಡದೆ ಕಳಿಸುತ್ತಾರೆ. "ಸರ್ವರ್ ಡೌನ್ ಅಜ್ಜಿ, ನಾಳೆ ಬಾ." 2023ರ ಜನವರಿಯಿಂದ ನರೇಗಾ ಕೂಲಿಗೆ ದಿನಕ್ಕೆ ಎರಡು ಸಲ ಮೊಬೈಲಲ್ಲಿ ಫೋಟೋ ಹಾಜರಿ ಅಂತ ಕಡ್ಡಾಯ ಮಾಡಿದರು. ಫೋಟೋ ಏರದಿದ್ದರೆ ದುಡಿದ ದಿನ ದುಡಿದ ದಿನವೇ ಅಲ್ಲ! ಹಿಂದೆ ಶಾನುಭೋಗರು "ಕಡತದಲ್ಲಿ ಇಲ್ಲ ಹೋಗೋ" ಅನ್ನುತ್ತಿದ್ದರು. ಈಗ "ಸಿಸ್ಟಮ್ ತಗೊಳ್ತಿಲ್ಲ" ಅನ್ನುತ್ತಾರೆ. ಶಾನುಭೋಗರ ಮೋಡಿ ಅಕ್ಷರ ನಮಗೆ ಓದೋಕೆ ಬರುತ್ತಿರಲಿಲ್ಲ. ಅದಕ್ಕೇ ಹೊಲ ಹೋದವು. ಈಗಿನ ಮೋಡಿ ಅಕ್ಷರ ಪ್ರೋಗ್ರಾಮು.

ಕೋಲಾರಕ್ಕೆ ಕರೆಂಟಿನ ಕತೆ ಹೊಸದೇನಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೆ.ಜಿ.ಎಫ್. ಚಿನ್ನದ ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ಬರೋದಕ್ಕೆ ಮೂರು ವರ್ಷ ಮೊದಲೇ ಕೋಲಾರಕ್ಕೆ ಬಂದಿತ್ತು ಅಂತ ಈಗಲೂ ಹೆಮ್ಮೆಯಿಂದ ಭಾಷಣ ಮಾಡುತ್ತಾರೆ. ಬಂದದ್ದು ಯಾರಿಗೆ? ಗಣಿಯ ಯಂತ್ರಕ್ಕೆ. ಸುರಂಗಕ್ಕೆ ಇಳಿದು ಕಲ್ಲು ಒಡೆದವರು ಹೆಚ್ಚಾಗಿ ತಮಿಳು ಸೀಮೆಯಿಂದ ಬಂದ ನಮ್ಮ ದಲಿತ ಬಂಧುಗಳು. ಕರೆಂಟಿನ ವಿದ್ಯೆ ಗೊತ್ತಿದ್ದವರು ಮೇಲೆ ಬಂಗಲೆಯಲ್ಲಿದ್ದರು. 2001ರಲ್ಲಿ ಗಣಿ ಮುಚ್ಚಿದಾಗ ವಿದ್ಯೆ ಇದ್ದವರು ಎಲ್ಲಿ ಬೇಕಾದರೂ ಹೋದರು, ಇಲ್ಲದವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಲು ಶುರು ಮಾಡಿದರು. ನರಸಾಪುರದಲ್ಲಿ ಅದೇ ಕತೆ ಇನ್ನೊಂದು ಸಲ ಆಗಬಾರದು ಅನ್ನೋದಷ್ಟೇ ನಮ್ಮ ಮಾತು.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1942ರಲ್ಲಿ ವೈಸ್‌ರಾಯ್ ಸರ್ಕಾರಕ್ಕೆ ಕೊಟ್ಟ ಮನವಿಯಲ್ಲಿ ಅವರು ಪರಿಶಿಷ್ಟರ ಮಕ್ಕಳು ಕಲೆ, ಕಾನೂನು ಓದಿದರೆ ಸಾಲದು, ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಸರ್ಕಾರ ದುಡ್ಡು ಇಡಬೇಕು ಅಂತ ಕೇಳಿದರು. ಅದು ದುಬಾರಿ ವಿದ್ಯೆ, ಬಡವರು ತಮ್ಮ ದುಡ್ಡಿನಲ್ಲಿ ಕಲಿಯಲಾರರು ಅನ್ನೋದು ಅವರ ವಾದ. ಮುಂದೆ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ 1944ರಲ್ಲಿ ವಿದ್ಯುತ್ತಿನ ಯೋಜನೆಗೆ ಕೇಂದ್ರ ತಾಂತ್ರಿಕ ಮಂಡಲಿ ಕಟ್ಟಿದ್ದೂ ಅವರ ಕಾಲದಲ್ಲೇ. ನಮ್ಮವರು ಬಾಬಾಸಾಹೇಬರ ಕೈಯಲ್ಲಿರೋ ಪುಸ್ತಕವನ್ನು ನೋಡುತ್ತಾರೆ. ಅವರು ಕರೆಂಟಿನ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಂಡದ್ದನ್ನು ಜಯಂತಿ ಭಾಷಣದಲ್ಲಿ ಯಾರೂ ಹೇಳೋದಿಲ್ಲ.

ಇನ್ನು ಸರ್ಕಾರದ ಯೋಜನೆಗಳು. 1984ರಲ್ಲಿ ಕ್ಲಾಸ್ ಅನ್ನೋ ಯೋಜನೆ. ಇಂಗ್ಲೆಂಡಿನಿಂದ ಬಿಬಿಸಿ ಮೈಕ್ರೋ ಅನ್ನೋ ಕಂಪ್ಯೂಟರು ತಂದು ದೇಶದ ಕೆಲವು ಶಾಲೆಗಳಿಗೆ ಕೊಟ್ಟರು. ಆ ಯಂತ್ರವನ್ನು ಮಾಡಿದ್ದೇ ಮಕ್ಕಳು ಪ್ರೋಗ್ರಾಮು ಬರೆಯಲಿ ಅಂತ. ಇಲ್ಲಿ ಮೇಷ್ಟ್ರಿಗೆ ಅದು ಸರಿಯಾಗಿ ಅರ್ಥವಾಗುವ ಮೊದಲೇ ಯಂತ್ರಕ್ಕೆ ವಯಸ್ಸಾಯಿತು. 2001ರಲ್ಲಿ ನಮ್ಮ ರಾಜ್ಯದಲ್ಲಿ ಮಾಹಿತಿ ಸಿಂಧು. ಸಾವಿರ ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರು. ಪಾಠ ಮಾಡೋ ಗುತ್ತಿಗೆ ಖಾಸಗಿ ಕಂಪನಿಗಳಿಗೆ! ಅವರು ಕಡಿಮೆ ಸಂಬಳಕ್ಕೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಟ್ಟರು. ಗುತ್ತಿಗೆ ಮುಗಿಯಿತು, ಅವರು ಹೋದರು. ವಿದ್ಯೆಯೂ ಅವರ ಜೊತೆಯಲ್ಲೇ ಗೇಟು ದಾಟಿತು. ಶಾಲೆಯ ಖಾಯಂ ಮೇಷ್ಟ್ರ ಪಾಲಿಗೆ ಉಳಿದದ್ದು ಕೋಣೆಯ ಬೀಗದ ಕೈ, ಸ್ಟಾಕ್ ರಿಜಿಸ್ಟರು. 2016ರ ಹೊತ್ತಿಗೆ ಟಾಲ್ಪ್ ಬಂತು. ಲ್ಯಾಪ್‌ಟಾಪು, ಪ್ರೊಜೆಕ್ಟರು, ಮೇಷ್ಟ್ರಿಗೆ ತರಬೇತಿ. ಇದು ಮೊದಲಿನದಕ್ಕಿಂತ ವಾಸಿ, ಸುಳ್ಳು ಹೇಳಬಾರದು. ಆದರೆ ತರಬೇತಿಯಲ್ಲಿ ಕಲಿಸಿದ್ದು ಹೆಚ್ಚಾಗಿ ಟೈಪು ಮಾಡೋದು, ಸ್ಲೈಡು ಮಾಡೋದು, ವಿಡಿಯೋ ತೋರಿಸೋದು. ಪೆಟ್ಟಿಗೆಯ ಹೊರಗಿನ ಕೆಲಸ.

ಅದೇ 2016ರಲ್ಲಿ ದೆಹಲಿಯವರು ಅಟಲ್ ಟಿಂಕರಿಂಗ್ ಲ್ಯಾಬ್ ಅಂತ ತಂದರು. ಶಾಲೆಗೆ 20 ಲಕ್ಷದವರೆಗೆ ದುಡ್ಡು. ರೋಬೋ, ಸೆನ್ಸರು, ತ್ರೀಡಿ ಪ್ರಿಂಟರು. ಕೇಳೋಕೆ ಚೆಂದ. ಅರ್ಜಿ ಹಾಕಬೇಕಾದರೆ ಬಯಲು ಸೀಮೆಯ ಶಾಲೆಗೆ 1,500 ಚದರ ಅಡಿ ಜಾಗ ಬೇಕು ಅಂದರು. ಒಂದೇ ಕೋಣೆಯಲ್ಲಿ ಮೂರು ಕ್ಲಾಸು ಕೂರಿಸುವ ನಮ್ಮ ಶಾಲೆಗಳು 1,500 ಅಡಿ ಎಲ್ಲಿಂದ ತರಬೇಕು? ಶಾಲೆಯ ಪಕ್ಕದ ಗುಂಡುತೋಪು ಒತ್ತುವರಿ ಆಗಿ ಎಷ್ಟೋ ವರ್ಷ ಆಯಿತು. ಇದ್ದವರಿಗೇ ಇನ್ನಷ್ಟು ಅನ್ನೋದು ಹೀಗೆ.

ಕಂಪ್ಯೂಟರ್ ಕೋಣೆ ಇರುವ ಎಷ್ಟೋ ಶಾಲೆಗಳ ಬಾಗಿಲ ಮೇಲೆ ಒಂದು ಬರಹ ನೋಡಿದ್ದೇವೆ: "ಅನುಮತಿ ಇಲ್ಲದೆ ಮುಟ್ಟಬಾರದು." ಮುಟ್ಟಬಾರದು! ಈ ಮಾತನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಾವಿ ಮುಟ್ಟಬಾರದು, ಲೋಟ ಮುಟ್ಟಬಾರದು, ಈಗ ಕೀಬೋರ್ಡು ಮುಟ್ಟಬಾರದು. ಹಾಗೆ ಬರೆಸಿದ ಹೆಡ್ಮೇಷ್ಟ್ರು ಜಾತಿವಾದಿ ಅಂತ ನಾವು ಹೇಳುತ್ತಿಲ್ಲ. ಆತನಿಗೂ ಹೆದರಿಕೆ. ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ, ಆಡಿಟ್ಟಿನಲ್ಲಿ ಯಾರು ಉತ್ತರ ಕೊಡ್ತಾರೆ, ಸಂಬಳದಲ್ಲಿ ಹಿಡಿದುಬಿಟ್ಟರೆ? ವಿದ್ಯೆ ಇಲ್ಲದವನ ಕೈಗೆ ವಸ್ತು ಕೊಟ್ಟರೆ ಅವನು ಕಾವಲುಗಾರ ಆಗುತ್ತಾನೆಯೇ ಹೊರತು ಮೇಷ್ಟ್ರು ಆಗೋದಿಲ್ಲ. ಒಳಗೇನಿದೆ ಅಂತ ಗೊತ್ತಿದ್ದ ಮೇಷ್ಟ್ರು "ಬಿಚ್ಚು ನೋಡೋಣ" ಅನ್ನುತ್ತಾನೆ.

ಹಾಗಾದರೆ ಮೇಷ್ಟ್ರಿಗೆ ಕಲಿಸೋದು ಹೇಗೆ? ಈಗಿರುವ ತರಬೇತಿಯ ರೀತಿ ನಿಮಗೆಲ್ಲ ಗೊತ್ತು. ಬಿ.ಆರ್.ಸಿ.ಯಲ್ಲಿ ಎಂಬತ್ತು ಜನರನ್ನು ಒಂದು ಹಾಲಿನಲ್ಲಿ ಕೂರಿಸಿ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಪರದೆ ತೋರಿಸೋದು. ಮಧ್ಯಾಹ್ನ ಚಿತ್ರಾನ್ನ. ಓ.ಓ.ಡಿ. ಪತ್ರ. ಕೊನೆಗೆ ಗ್ರೂಪ್ ಫೋಟೋ. ಅಥವಾ ನಿಷ್ಠಾ ಅಂತ ಮೊಬೈಲಿನಲ್ಲೇ ಕೋರ್ಸು, ವಿಡಿಯೋ ಓಡಿಸಿ ಬಿಟ್ಟು ಅಡುಗೆ ಮಾಡಿಕೊಂಡರೂ ಸರ್ಟಿಫಿಕೇಟು ಬರುತ್ತದೆ. ಈಜು ಕಲಿಸೋದಕ್ಕೆ ಬಾವಿಯ ಚಿತ್ರ ತೋರಿಸಿದ ಹಾಗೆ.

ನಾವು ಹೇಳೋದು ಬೇರೆ. ಹದಿನೈದು ಜನ ಸಾಕು. ಪ್ರತಿಯೊಬ್ಬರ ಮುಂದೆ ಒಂದು ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಬ್ರೆಡ್‌ಬೋರ್ಡು, ನಾಲ್ಕು ತಂತಿ, ನಾಲ್ಕು ಎಲ್ಇಡಿ, ಕೆಲವು ರೆಸಿಸ್ಟರು, ಎರಡು ಟ್ರಾನ್ಸಿಸ್ಟರು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಇದೆಲ್ಲ ಇನ್ನೂರು ಮುನ್ನೂರು ರೂಪಾಯಿಯ ಮಾತು. ಮೊದಲ ದಿನ ಒಂದೇ ಕೆಲಸ: ದೀಪ ಹೊತ್ತಿಸಿ. ಹೊತ್ತೋದಿಲ್ಲ! ಯಾಕೆ? ಎಲ್ಇಡಿಯನ್ನು ತಿರುಗಾ ಹಾಕಿದ್ದಾರೆ. ಅದು ಒಂದೇ ಕಡೆಯಿಂದ ಕರೆಂಟು ಬಿಡುತ್ತದೆ, ಉದ್ದ ಕಾಲು ಪ್ಲಸ್ಸಿಗೆ. ತಿರುಗಿಸಿದರೆ ಹೊತ್ತುತ್ತದೆ. ಇನ್ನೊಬ್ಬರು ರೆಸಿಸ್ಟರು ಬಿಟ್ಟು ನೇರ ಹಾಕುತ್ತಾರೆ, ದೀಪ ಒಂದು ಸಲ ಮಿಂಚಿ ಸತ್ತುಹೋಗುತ್ತದೆ. ಸಾಯಲಿ, ಎರಡು ರೂಪಾಯಿ. ಆಗ ಮೇಷ್ಟ್ರು ತಾವೇ ಕೇಳುತ್ತಾರೆ, ಎಷ್ಟು ರೆಸಿಸ್ಟರು ಹಾಕಬೇಕು ಅಂತ. ಬ್ಯಾಟರಿ 9 ವೋಲ್ಟು, ಕೆಂಪು ದೀಪ ತಿನ್ನೋದು ಸುಮಾರು 2, ಉಳಿದ 7ನ್ನು 470ರಿಂದ ಭಾಗಿಸಿ. ಸುಮಾರು 15 ಮಿಲಿ ಆಂಪಿಯರು. ದೀಪಕ್ಕೆ ಹಿತ. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ ಓಮನ ನಿಯಮ ಆ ಹೊತ್ತಿಗೆ ಕೈಗೆ ಇಳಿಯುತ್ತದೆ. ಒಮ್ಮೆ ಸುಟ್ಟು, ಒಮ್ಮೆ ತಿರುಗಾ ಹಾಕಿ, ಆಮೇಲೆ ಹೊತ್ತಿಸಿದ ಮೇಷ್ಟ್ರು ಮಕ್ಕಳು ತಪ್ಪು ಮಾಡಿದರೆ ಬೆತ್ತ ಹುಡುಕೋದಿಲ್ಲ. ಇದನ್ನು ಪರದೆಯ ಮೇಲೆ ಕಲಿಸೋಕೆ ಆಗೋದಿಲ್ಲ.

ಟ್ರಾನ್ಸಿಸ್ಟರಿಗೆ ಬಂದಾಗ ಪಠ್ಯದ ಭಾಷೆ ಬಿಟ್ಟುಬಿಡಿ. ಅರೆವಾಹಕ, ಆಧಾರ, ಉತ್ಸರ್ಜಕ, ಸಂಗ್ರಾಹಕ ಅಂದರೆ ಮೇಷ್ಟ್ರಿಗೇ ನಿದ್ದೆ ಬರುತ್ತದೆ. ಇದು ಕೆರೆಗಳ ಜಿಲ್ಲೆ. ಕೆರೆಗೆ ತೂಬು ಇದೆ, ತೂಬಿಗೆ ನೀರುಗಂಟಿ ಇದ್ದ. ಅವನು ಒಂಟಿ ಕೈಯಲ್ಲಿ ತೂಬಿನ ಬಿರಡೆ ಸ್ವಲ್ಪ ಎತ್ತಿದರೆ ಸಾಕು, ಊರ ಗದ್ದೆಗೆಲ್ಲ ನೀರು ಹರಿಯುತ್ತಿತ್ತು. ಟ್ರಾನ್ಸಿಸ್ಟರು ಅಂದರೆ ಅದೇ. ಒಂದು ಕಾಲಿಗೆ ಒಂದು ಪಾಲು ಕರೆಂಟು ಕೊಟ್ಟರೆ ಇನ್ನೆರಡು ಕಾಲಿನ ಮಧ್ಯೆ ನೂರು ಪಾಲು ಹರಿಯುತ್ತದೆ. ಬಿಸಿ 547 ಅಂತ ಪೇಟೆಯಲ್ಲಿ ಸಿಗುವ ಎರಡು ಮೂರು ರೂಪಾಯಿಯ ಟ್ರಾನ್ಸಿಸ್ಟರು ಈ ಕೆಲಸವನ್ನು ನೀಟಾಗಿ ಮಾಡುತ್ತದೆ. ಕೋಲಾರ ಸೀಮೆಯಲ್ಲಿ ಎಷ್ಟೋ ಊರಲ್ಲಿ ನೀರುಗಂಟಿ ನಮ್ಮ ಕೇರಿಯವನೇ. ತೂಬು ಎತ್ತಿದವನು ಅವನು, ತೂಬಿನ ಕೆಳಗಿನ ಗದ್ದೆ ಬೇರೆಯವರದು. ಇದನ್ನೂ ಮಕ್ಕಳಿಗೆ ಅದೇ ಪಾಠದಲ್ಲಿ ಹೇಳಬಹುದು, ಸಿಲಬಸ್ಸಿನಲ್ಲಿ ಇಲ್ಲ ಅಂತ ಯಾರಾದರೂ ಅಂದರೆ ಅನ್ನಲಿ.

ಎರಡು ಮೊಳೆಯನ್ನು ಮಣ್ಣಿಗೆ ಚುಚ್ಚಿ, ಒಂದು ಕಾವಲು ರೆಸಿಸ್ಟರು ಇಟ್ಟು, ಆ ಟ್ರಾನ್ಸಿಸ್ಟರಿಗೆ ಕೂಡಿಸಿದರೆ ಮಣ್ಣು ಒದ್ದೆ ಇದ್ದಾಗ ದೀಪ ಹೊತ್ತುತ್ತದೆ, ಒಣಗಿದರೆ ಆರುತ್ತದೆ. ಅದೇ ಮೊಳೆಯನ್ನು ಶಾಲೆಯ ನೀರಿನ ಟ್ಯಾಂಕಿನ ಬಾಯಿಗೆ ಕಟ್ಟಿದರೆ ಟ್ಯಾಂಕು ತುಂಬಿದ್ದು ಗೊತ್ತಾಗುತ್ತದೆ. 2018ರಿಂದ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನೀರು ಬಂತು ಅಂತ ಖುಷಿಪಟ್ಟವರೂ ಇದ್ದಾರೆ, ನೊರೆ ನೋಡಿ ಹೆದರಿದವರೂ ಇದ್ದಾರೆ. ಹೈಸ್ಕೂಲಿನ ಮಕ್ಕಳು ತಿಂಗಳಿಗೊಮ್ಮೆ ಕೆರೆಯ ನೀರು, ಬೋರಿನ ನೀರು ತಂದು ಅದರಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಅಂತ ಅಳೆದು ಬರೆದಿಟ್ಟರೆ ನೀರಿನಲ್ಲಿ ಉಪ್ಪಿನಂಶ ಏರುತ್ತಿದೆಯೋ ಇಳಿಯುತ್ತಿದೆಯೋ ಊರಿಗೆ ಗೊತ್ತಾಗುತ್ತದೆ. ಒಂದು ಎಚ್ಚರ ಹೇಳಲೇಬೇಕು: ಆ ಅಳತೆಯಿಂದ ಫ್ಲೋರೈಡು ಗೊತ್ತಾಗೋದಿಲ್ಲ, ಸೀಸ ಗೊತ್ತಾಗೋದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಟಿ.ಡಿ.ಎಸ್. ಮೀಟರು ಹಿಡಿದು ಬಂದು "ನೀರು ಶುದ್ಧ" ಅಂತ ಫಿಲ್ಟರ್ ಮಾರುವವನು ಸುಳ್ಳು ಹೇಳುತ್ತಿದ್ದಾನೆ ಅನ್ನೋದು ಈ ಪಾಠ ಕಲಿತ ಮೇಷ್ಟ್ರಿಗೆ ಗೊತ್ತಾಗುತ್ತದೆ, ಮೇಷ್ಟ್ರಿಂದ ಊರಿಗೆ.

ಪ್ರೋಗ್ರಾಮಿಂಗ್ ಅಂದರೆ ಇಂಗ್ಲಿಷು ಬೇಕು ಅಂತ ಹೆದರಿಸುತ್ತಾರೆ. ಅರ್ಧ ಸುಳ್ಳು. ಪೈಥಾನ್ ಅನ್ನೋ ಭಾಷೆಯಲ್ಲಿ ಇಫ್, ಫಾರ್, ಪ್ರಿಂಟ್ ಅಂತ ನಾಲ್ಕು ಹತ್ತು ಇಂಗ್ಲಿಷ್ ಪದ ಕಲಿಯಬೇಕು, ನಿಜ. ಆದರೆ 2008ರಲ್ಲಿ ಅದರ ಮೂರನೇ ಆವೃತ್ತಿ ಬಂದಾಗಿನಿಂದ ಲೆಕ್ಕದ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು. ಗಂಟೆ, ದರ, ಕೂಲಿ ಅಂತ ಮೂರು ಡಬ್ಬಿ ಮಾಡಿ. ದಿನಗೂಲಿ 480 ಅಂದುಕೊಳ್ಳಿ, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 60. ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಅನ್ನೋದು 1948ರ ಫ್ಯಾಕ್ಟರಿ ಕಾಯ್ದೆ ಹಾಕಿಕೊಟ್ಟ ಲೆಕ್ಕ, ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದು ಉಳಿದಿದೆ. ಎಂಟರ ಮೇಲಿನ ಪ್ರತಿ ಗಂಟೆಯೂ ಹೆಚ್ಚುವರಿ ಅಂತ ಹಿಡಿದರೆ, ಹನ್ನೆರಡು ಗಂಟೆ ದುಡಿದವಳಿಗೆ 480ರ ಮೇಲೆ ನಾಲ್ಕು ಗಂಟೆಗೆ 120ರಂತೆ ಇನ್ನೊಂದು 480. ಒಟ್ಟು 960. ಇದನ್ನು ಐದಾರು ಸಾಲಿನಲ್ಲಿ ಬರೆಯಬಹುದು. ಒಂಬತ್ತನೇ ಕ್ಲಾಸಿನ ಹುಡುಗಿ ಇದನ್ನು ಬರೆದು, ಸಂಜೆ ಮನೆಗೆ ಹೋಗಿ ಅಕ್ಕನ ಸಂಬಳದ ಚೀಟಿ ತೆಗೆದು ನೋಡಲಿ. "ಯಾಕಕ್ಕಾ, ನನ್ನ ಲೆಕ್ಕದಲ್ಲಿ ಇಷ್ಟು ಬತ್ತೈತೆ, ನಿನ್ನ ಚೀಟೀಲಿ ಅಷ್ಟೇ ಐತೆ?" ಈ ಪ್ರಶ್ನೆ ನರಸಾಪುರದ ಸುತ್ತಲಿನ ಮನೆಮನೆಯಲ್ಲಿ ಎದ್ದರೆ ಕಂಟ್ರಾಕ್ಟರಿಗೆ ನಿದ್ದೆ ಬರೋದಿಲ್ಲ.

ಕೆಲವರು ತಮಟೆಯ ಪೆಟ್ಟಿನಿಂದ ಪ್ರೋಗ್ರಾಮಿನ ಲೂಪು ಹೇಳಿಕೊಡಬಹುದು ಅನ್ನುತ್ತಾರೆ. ನಾಲ್ಕು ಪೆಟ್ಟು, ಒಂದು ಬಿಡುವು, ಮತ್ತೆ ಮೊದಲಿಂದ. ಲೆಕ್ಕ ಸರಿಯೇ. ಆದರೆ ಬಿಟ್ಟಿ ತಮಟೆ ಬಡಿಯೋದಿಲ್ಲ ಅಂತ ಬಹಿಷ್ಕಾರ ತಿಂದ ಮನೆಯ ಹುಡುಗನ ಕೈಗೆ ಕ್ಲಾಸಿನಲ್ಲಿ ಮತ್ತೆ ತಮಟೆ ಕೊಟ್ಟು "ನೀನು ಬಾರಿಸಪ್ಪ, ನಾವು ಕಲೀತೀವಿ" ಅಂದರೆ ಅವನ ಹೊಟ್ಟೆ ಉರಿಯದೆ ಇರುತ್ತದಾ? ಬಾರಿಸೋದಾದರೆ ಮೇಷ್ಟ್ರೇ ಬಾರಿಸಲಿ.

ಪಕ್ಕದ ಕೇರಳ ನೋಡಿ. 2001ರಲ್ಲಿ ಐಟಿ@ಸ್ಕೂಲ್ ಅಂತ ಶುರು ಮಾಡಿದರು. ಅವರು ಮಾಡಿದ ಒಂದು ಒಳ್ಳೇ ಕೆಲಸ, ಪಾಠವನ್ನು ಕಂಪನಿಗೆ ಗುತ್ತಿಗೆ ಕೊಡಲಿಲ್ಲ. ಶಾಲೆಯ ಮೇಷ್ಟ್ರುಗಳಲ್ಲೇ ಕೆಲವರನ್ನು ಆರಿಸಿ ಕಲಿಸಿ, ಅವರೇ ಉಳಿದ ಮೇಷ್ಟ್ರುಗಳಿಗೆ ಕಲಿಸುವ ಹಾಗೆ ಮಾಡಿದರು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರು ಬಿಟ್ಟು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸ್ವತಂತ್ರ ಸಾಫ್ಟ್‌ವೇರು ಹಾಕಿದರು. 2018ರಲ್ಲಿ ಲಿಟಲ್ ಕೈಟ್ಸ್ ಅಂತ ಹೈಸ್ಕೂಲು ಮಕ್ಕಳ ಕೂಟ ಕಟ್ಟಿದರು. 2022ರಲ್ಲಿ ಆರ್ಡುಯಿನೋ ಕಿಟ್ಟುಗಳನ್ನು ಸರ್ಕಾರಿ ಹೈಸ್ಕೂಲುಗಳಿಗೇ ಕೊಟ್ಟರು. ಈ ಆರ್ಡುಯಿನೋ 2005ರಲ್ಲಿ ಇಟಲಿಯ ಇವ್ರಿಯಾ ಅನ್ನೋ ಊರಲ್ಲಿ, ಇಂಜಿನಿಯರಿಂಗ್ ಓದದ ವಿದ್ಯಾರ್ಥಿಗಳಿಗಾಗಿ ಮಾಡಿದ ಬೋರ್ಡು. ಅದರ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಆದ್ದರಿಂದಲೇ ಅಗ್ಗ. ಇನ್ನೂ ಹೊಟ್ಟೆ ಉರಿಯೋ ಮಾತು ಕೇಳಿ: ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೆ ಕೇರಳ ಸರ್ಕಾರ ಐ.ಸಿ.ಟಿ. ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡುತ್ತದೆ. ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಓದುವ ಎಲ್ಲ ಮಕ್ಕಳಿಗೂ ಅಂತ ಅಂಥದೊಂದು ವಿಷಯವೇ ಇಲ್ಲ. ಕನ್ನಡದ ಹೆಸರಲ್ಲಿ ನವೆಂಬರಿನಲ್ಲಿ ಬಾವುಟ ಹಾರಿಸೋರು ಇದನ್ನು ಕೇಳಿದ್ದಾರಾ?

ಇಲ್ಲೂ ಏನೂ ಆಗಿಲ್ಲ ಅಂತಲ್ಲ. 2011ರಿಂದ ಡಿ.ಎಸ್.ಇ.ಆರ್.ಟಿ.ಯ ಜೊತೆ ಐಟಿ ಫಾರ್ ಚೇಂಜ್ ಸಂಸ್ಥೆಯವರು ವಿಷಯ ಶಿಕ್ಷಕರ ವೇದಿಕೆ ಅಂತ ಮಾಡಿ ಹೈಸ್ಕೂಲಿನ ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ಸ್ವತಂತ್ರ ಸಾಫ್ಟ್‌ವೇರು ಕಲಿಸಿದರು. ಅದರಲ್ಲಿ ಕಲಿತ ಮೇಷ್ಟ್ರುಗಳು ತಾವೇ ಪಾಠ ಬರೆದು ಹಂಚಿಕೊಂಡರು. ಮೇಷ್ಟ್ರಿಗೆ ಕಲಿಸಿದರೆ ಕಲೀತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ಗೆಳೆಯರಲ್ಲೇ ಒಬ್ಬರು ಕೇಳಿದರು: "ಅಣ್ಣಾ, ಭೂಮಿ ಇಲ್ಲ, ಹಾಸ್ಟೆಲಿನಲ್ಲಿ ಅನ್ನ ಸರಿ ಇಲ್ಲ, ಸ್ಮಶಾನಕ್ಕೆ ಜಾಗ ಇಲ್ಲ. ನೀವು ದೀಪ ಹೊತ್ತಿಸೋ ಮಾತಾಡ್ತೀರಲ್ಲ?" ಪ್ರಶ್ನೆ ಸರಿಯಾದದ್ದೇ. ಭೂಮಿಯ ಹೋರಾಟ ಬಿಡಿ ಅಂತ ನಾವು ಎಲ್ಲೂ ಹೇಳಿಲ್ಲ. ಆದರೆ ಈಗ ಪಹಣಿ ಎಲ್ಲಿದೆ? ಕಂಪ್ಯೂಟರಿನಲ್ಲಿ. ಭೂಮಿ ತಂತ್ರಾಂಶದಲ್ಲಿ ಹೆಸರು ಏರದಿದ್ದರೆ ನಿನ್ನ ದರಖಾಸ್ತು ಭೂಮಿ ನಿನ್ನದು ಅನ್ನೋದಕ್ಕೆ ತಾಲ್ಲೂಕು ಕಚೇರಿಯಲ್ಲಿ ಯಾರೂ ಕೇಳೋರಿಲ್ಲ. ಹಾಸ್ಟೆಲಿನ ಹಾಜರಿ, ಸ್ಕಾಲರ್‌ಶಿಪ್ಪು, ಎಲ್ಲ ಅಲ್ಲೇ. ಒಂದನ್ನು ಬಿಟ್ಟು ಇನ್ನೊಂದು ಅನ್ನೋ ಕಾಲ ಮುಗಿದಿದೆ.

ಮೇಷ್ಟ್ರುಗಳ ದೂರು ಬೇರೆ. ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಶೂ ಲೆಕ್ಕ, ಚುನಾವಣೆ, ಗಣತಿ, ಎಲ್ಲಾ ನಮ್ಮ ತಲೆಗೇ, ಇದೊಂದು ಹೊಸ ಹೊರೆ ಯಾಕೆ ಅನ್ನುತ್ತಾರೆ. ನ್ಯಾಯವಾದ ದೂರು. ಆ ಹೊರೆ ಇಳಿಸಬೇಕು. ಒಬ್ಬ ಪಿ.ಸಿ.ಎಂ. ಮೇಷ್ಟ್ರಿಗೆ ವಾರದಲ್ಲಿ ಎರಡು ಪೀರಿಯಡ್ಡು ಇದಕ್ಕೇ ಅಂತ ಬಿಟ್ಟುಕೊಡಬೇಕು. ಖಾಲಿ ಬಿದ್ದಿರುವ ಹುದ್ದೆ ತುಂಬದೆ, ಅತಿಥಿ ಶಿಕ್ಷಕರನ್ನು ವರ್ಷಗಟ್ಟಲೆ ತೂಗಿ ಹಾಕಿ, ಆಮೇಲೆ ಕೋಡಿಂಗ್ ಕಲಿಸಿ ಅಂದರೆ ಅದು ಸುತ್ತೋಲೆ ಆಗುತ್ತದೆ, ಪಾಠ ಆಗೋದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರನೇ ಕ್ಲಾಸಿನಿಂದ ಕೋಡಿಂಗ್ ಅಂತ ಬರೆದರು. ಬರೆದದ್ದು ದೆಹಲಿಯಲ್ಲಿ. ಕಲಿಸುವ ಮೇಷ್ಟ್ರಿಗೆ ಕಲಿಸೋದು ಯಾರು ಅನ್ನೋ ಜಾಗದಲ್ಲಿ ಖಾಲಿ.

ಇನ್ನು ಅಧಿಕಾರಿಗಳ ಮಾತು: "ಈ ಮಕ್ಕಳಿಗೆ ಕನ್ನಡ ಓದೋಕೇ ಬರೋದಿಲ್ಲ, ಎಲೆಕ್ಟ್ರಾನಿಕ್ಸ್ ಎಲ್ಲಿಂದ ಬರುತ್ತೆ?" ಈ ಮಾತಿನಲ್ಲಿರುವ 'ಈ ಮಕ್ಕಳು' ಯಾರು ಅಂತ ನಮಗೆ ಗೊತ್ತು ಸ್ವಾಮಿ. ನಮ್ಮ ಕೇರಿಗಳಲ್ಲಿ ಎಸ್.ಎಸ್.ಎಲ್.ಸಿ. ಫೇಲಾದ ಹುಡುಗರು ಮೊಬೈಲಿನ ಬೋರ್ಡು ಬಿಚ್ಚಿ ಚಾರ್ಜಿಂಗ್ ಪಿನ್ನು ಬೆಸುಗೆ ಹಾಕುತ್ತಾರೆ. ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾರೆ. ಹಬ್ಬಕ್ಕೆ ಸೀರಿಯಲ್ ಸೆಟ್ಟು, ಮೈಕ್ ಸೆಟ್ಟು ಕಟ್ಟುತ್ತಾರೆ. ಅವರಿಗೆ ಯಾವ ಬಿ.ಆರ್.ಸಿ. ತರಬೇತಿ ಕೊಟ್ಟಿತ್ತು? ನಮ್ಮ ಒಂದು ಬೇಡಿಕೆ ಇದೇ: ಮೇಷ್ಟ್ರ ತರಬೇತಿಗೆ ಆ ಹುಡುಗರನ್ನೂ ಕರೆಯಿರಿ. ಮೇಷ್ಟ್ರಿಗೆ ಸೂತ್ರ ಗೊತ್ತು, ಅವನಿಗೆ ಬೆಸುಗೆ ಗೊತ್ತು. ಸರ್ಕಾರಿ ಮೇಷ್ಟ್ರು ಕೇರಿಯ ಹುಡುಗನ ಪಕ್ಕ ಕೂತು ಕಲಿಯೋದಾದರೆ ಆ ತರಬೇತಿಯಲ್ಲಿ ಎಲೆಕ್ಟ್ರಾನಿಕ್ಸ್ ಜೊತೆ ಇನ್ನೂ ಒಂದೆರಡು ವಿಷಯ ಕಲಿತ ಹಾಗಾಗುತ್ತದೆ. ಅವನಿಗೆ ಗೌರವಧನ ಕೊಡಿ, ಚಹಾ ಕೊಟ್ಟು ಕಳಿಸಬೇಡಿ.

ಕಾರ್ಖಾನೆಗಳಿಗೂ ಒಂದು ಮಾತು. ಲಾಭದಲ್ಲಿ ನೂರಕ್ಕೆ ಎರಡು ಸಮಾಜಕ್ಕೆ ಅಂತ ಕಾನೂನು ಇದೆ. ಆ ದುಡ್ಡಲ್ಲಿ ಕಂಪನಿಯ ಹೆಸರು ಹಾಕಿದ ಬ್ಯಾಗು, ಬಣ್ಣ ಬಳಿದ ಗೋಡೆ, ಒಂದು ಸ್ಮಾರ್ಟ್ ಟಿ.ವಿ. ಕೊಟ್ಟು ಫೋಟೋ ತೆಗೆಸಿಕೊಳ್ಳೋದು ಸಾಕು. ನರಸಾಪುರ, ಮಾಲೂರು, ಮುಳಬಾಗಲು, ಶ್ರೀನಿವಾಸಪುರದ ಮೇಷ್ಟ್ರುಗಳಿಗೆ ಬೇಸಿಗೆ ರಜೆಯಲ್ಲಿ ನಿಮ್ಮ ಕಾರ್ಖಾನೆಯ ಇಂಜಿನಿಯರುಗಳು ಹದಿನೈದು ದಿನ ಕೂತು ಕಲಿಸಲಿ. ಡಯಟ್ಟಿನಲ್ಲಿ ಜಾಗ ಇದೆ. ಪಾಠದ ಯಜಮಾನಿಕೆ ಮಾತ್ರ ಡಯಟ್ಟಿನದೇ ಆಗಿರಬೇಕು, ಕಂಪನಿಯದಲ್ಲ. ನಿಮ್ಮ ಲೈನಿಗೆ ಬೇಕಾದಷ್ಟು ಮಾತ್ರ ಕಲಿಸಿ, ಸ್ಕ್ರೂ ತಿರುಗಿಸೋರನ್ನು ತಯಾರು ಮಾಡಿಕೊಂಡು ಹೋಗೋ ಆಟ ನಡೆಯೋದಿಲ್ಲ. ರಜೆಯಲ್ಲಿ ಬಂದ ಮೇಷ್ಟ್ರಿಗೆ ಗಳಿಕೆ ರಜೆ ಕೊಡಬೇಕು, ಕಿಟ್ಟು ಅವರ ಕೈಯಲ್ಲೇ ಉಳಿಯಬೇಕು, ಸ್ಟಾಕ್ ರಿಜಿಸ್ಟರಿಗೆ ಏರಬಾರದು. ಸುಟ್ಟರೆ ಲೆಕ್ಕ ಕೇಳಬಾರದು. ಇಷ್ಟನ್ನು ಬರೆದು ಬಿ.ಇ.ಓ. ಮತ್ತು ಡಿ.ಡಿ.ಪಿ.ಐ. ಸಾಹೇಬರಿಗೆ ಮನವಿ ಕೊಡುತ್ತಿದ್ದೇವೆ. ಸಹಿ ಹಾಕುವ ಮೇಷ್ಟ್ರುಗಳು ಹೆಸರಿನ ಜೊತೆ ತಾವು ಕಲಿಸುವ ವಿಷಯವನ್ನೂ ಬರೆಯಿರಿ. ಕನ್ನಡದ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಟೀಚರಮ್ಮಂದಿರು ಯಾರು ಬೇಕಾದರೂ ಹಾಕಬಹುದು. ವಿಜ್ಞಾನದವರೇ ಆಗಬೇಕು ಅಂತಿಲ್ಲ.

ಮುಂದಿನ ಸಭೆಗೆ ಬರುವ ಮೇಷ್ಟ್ರುಗಳು ಮನೆಯಲ್ಲಿ ಕೆಟ್ಟು ಬಿದ್ದಿರುವ ಒಂದು ಟಾರ್ಚೋ, ಸೆಲ್ಲು ಹಾಕುವ ರೇಡಿಯೋವೋ, ಮಕ್ಕಳ ಆಟದ ಕಾರೋ ತನ್ನಿ. ಗೋಡೆಯ ಪ್ಲಗ್ಗಿಗೆ ಹಾಕುವ ಯಾವುದನ್ನೂ ತರಬೇಡಿ, 230 ವೋಲ್ಟಿನ ಜೊತೆ ಮೊದಲ ದಿನವೇ ಆಟ ಬೇಡ. ಸ್ಕ್ರೂಡ್ರೈವರು, ಮಲ್ಟಿಮೀಟರು ನಾವು ತರುತ್ತೇವೆ. ಸೆಲ್ಲಿನ ದುಡ್ಡು ಐದೈದು ರೂಪಾಯಿ ಹಾಕಿಕೊಳ್ಳೋಣ.